ಪೋಷಕರು ಸಹಿಗಷ್ಟೇ ಸಾಕೆ?

"ಪೋಷಕರಿಗೆ ಆಸಕ್ತಿಯೇ ಇಲ್ಲ" ಎಂದು ಶಿಕ್ಷಕರು, "ಶಾಲೆಯವರು ನಮ್ಮನ್ನು ಕೇಳುವುದೇ ಇಲ್ಲ" ಎಂದು ಪೋಷಕರು. ಈ ಎರಡು ದೂರುಗಳ ನಡುವೆ ಸೊರಗುವುದು ಮಗು. ಮೊದಲ ಹೆಜ್ಜೆ ಇಡಬೇಕಾದದ್ದು ಶಾಲೆಯೇ ಎಂಬುದು ನನ್ನ ವಾದ.

ಕಾನೂನಿಗೇನೂ ಕೊರತೆಯಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬಂತು. ಅನುದಾನರಹಿತ ಖಾಸಗಿ ಶಾಲೆಗಳನ್ನು ಬಿಟ್ಟು ಉಳಿದೆಡೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಸರ್ಕಾರಿ ಶಾಲೆಯಲ್ಲಿ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಬಳಕೆ ಗಮನಿಸುವುದು ಸಮಿತಿಯ ಕೆಲಸ. ಆದರೆ ಮೊದಲೇ ಬರೆದಿಟ್ಟ ನಡಾವಳಿಗೆ ಸಹಿ ಹಾಕಿಸುವುದೇ ಸಭೆಯಾದರೆ ಪೋಷಕರಿಗೆ ಸ್ಥಾನ ಸಿಕ್ಕೀತು, ಮಾತು ಸಿಗದು.

ಸಭೆಯ ವೇಳೆಯನ್ನೇ ನೋಡಿ. ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯ ದುಡಿಮೆ. ಗುಬ್ಬಿಯ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಕೈಗೆ ಬಿಡುವಿಲ್ಲ. ಕುಣಿಗಲ್‌ನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಮಕ್ಕಳು ಏಳುವ ಮೊದಲೇ ಬಸ್ ಹಿಡಿದಿರುತ್ತಾರೆ. ಇವರಿಗೆ ಬೆಳಿಗ್ಗೆ ಹನ್ನೊಂದರ ಸಭೆಯೆಂದರೆ ಒಂದು ದಿನದ ಕೂಲಿ ಖೋತಾ. ಬಾರದವರನ್ನು ಬೇಜವಾಬ್ದಾರರೆನ್ನುವ ಮೊದಲು ಆ ವೇಳೆ ಯಾರ ಅನುಕೂಲಕ್ಕೆ ಎಂದು ಕೇಳಬೇಡವೇ? ಸಂಜೆಯೋ ಭಾನುವಾರವೋ ಸಭೆ ಇಡಲಿ. ಶಿಕ್ಷಕರ ಆ ಹೊತ್ತನ್ನು ಇಲಾಖೆ ಕೆಲಸವೆಂದೇ ಲೆಕ್ಕ ಹಿಡಿದು ಬದಲಿ ರಜೆ ಕೊಡಲಿ.

ಓದು ಬಾರದ ಪೋಷಕರೊಂದಿಗೆ ಏನು ಚರ್ಚಿಸುವುದು ಎನ್ನುವವರಿದ್ದಾರೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ಗೋಡೆಯೇ ಅವರಿಗೆ ಉತ್ತರ. ಕಲಿಕೆಯ ಹಂತಗಳನ್ನು ತೋರಿಸುವ ಅಲ್ಲಿನ ಕಲಿಕಾ ಏಣಿಯಲ್ಲಿ ಒಂದೊಂದು ಬಗೆಯ ಚಟುವಟಿಕೆಗೂ ಒಂದೊಂದು ಚಿತ್ರದ ಗುರುತು. ಮಗಳು ಎಲ್ಲಿಗೆ ಬಂದಿದ್ದಾಳೆ, ಎಲ್ಲಿ ತಡವರಿಸಿದ್ದಾಳೆ ಎಂದು ಶಿಕ್ಷಕಿ ಬೆರಳಿಟ್ಟು ತೋರಿಸಿದರೆ ಅಕ್ಷರ ಬಾರದ ತಾಯಿಗೂ ತಿಳಿಯುತ್ತದೆ. ಮನೆಯಲ್ಲಿ ಮಗಳು ಯಾವುದಕ್ಕೆ ಹೆದರುತ್ತಾಳೆ, ಏನನ್ನು ಖುಷಿಯಿಂದ ಮಾಡುತ್ತಾಳೆ ಎಂದು ಆ ತಾಯಿ ಹೇಳಿದರೆ ಶಿಕ್ಷಕಿಗೂ ದಾರಿ ಕಾಣುತ್ತದೆ. ಅಂಕಪಟ್ಟಿ ಹಿಡಿದು ಗದರಿಸುವ ಸಭೆಯಲ್ಲಿ ಇದು ಸಾಧ್ಯವಿಲ್ಲ.

ಪೋಷಕರಿಗೆ ಸದರ ಕೊಟ್ಟರೆ ಪಾಠದಲ್ಲೂ ಮೂಗು ತೂರಿಸುತ್ತಾರೆಂಬ ಅಂಜಿಕೆ ಸುಳ್ಳಲ್ಲ. ಊರ ರಾಜಕೀಯ ಸಮಿತಿಗೂ ನುಸುಳುವುದುಂಟು. ಬೋಧನಾ ವಿಧಾನ ಶಿಕ್ಷಕರ ಪರಿಣತಿ, ಅದನ್ನು ಗೌರವಿಸಬೇಕು. ಆದರೆ ಬಿಸಿಯೂಟ, ಶೌಚಾಲಯ, ಹಾಜರಾತಿ, ಖರ್ಚಿನ ಲೆಕ್ಕ ಪ್ರಶ್ನಿಸುವುದು ಪೋಷಕರ ಹಕ್ಕು. ಈ ಗೆರೆ ಸ್ಪಷ್ಟವಾಗಿದ್ದರೆ ಜಗಳ ಕಡಿಮೆ.

ಶಿಕ್ಷಕರೇ, ದೂರು ಹೇಳಲೆಂದಲ್ಲದೆ ಒಮ್ಮೆ ಮಗುವಿನ ಒಳ್ಳೆಯ ಸುದ್ದಿ ಹೇಳಲೆಂದೇ ಪೋಷಕರನ್ನು ಕರೆಯಿರಿ. ಪೋಷಕರೇ, ಸಹಿ ಹಾಕುವ ಮೊದಲು ಓದಿ. ಓದು ಬಾರದಿದ್ದರೆ ಓದಿಸಿ ಕೇಳಿ.