ಸ್ಮಾರ್ಟ್ ಮೀಟರು: ಅಳತೆ ಯಾರಿಗಾಗಿ, ಬೆಲೆ ಯಾರ ತಲೆಗೆ?

ಬೆಸ್ಕಾಂ 2025ರ ಫೆಬ್ರುವರಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಲು ಹೊರಟಾಗ ಸಿಂಗಲ್ ಫೇಸ್ ಮೀಟರಿನ ಬೆಲೆ ಸುಮಾರು 5 ಸಾವಿರ ರೂಪಾಯಿಗೆ ಏರಿತು. ಹಳೆಯ ಮೀಟರಿನ ಬೆಲೆಗೆ ಹೋಲಿಸಿದರೆ ಇದು ಹಲವು ಪಟ್ಟು. ವಿಷಯ ವಿಧಾನಮಂಡಲದಲ್ಲೂ ಹೈಕೋರ್ಟಿನಲ್ಲೂ ಚರ್ಚೆಗೆ ಬಂತು. ಹಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟುವವನು ಕೇಳುವ ಪ್ರಶ್ನೆ ಅದಕ್ಕಿಂತ ಸರಳ: ಈ ಪೆಟ್ಟಿಗೆಯಿಂದ ನನಗೇನು ಲಾಭ?

ಹಳೆಯ ಮೀಟರಿನೊಳಗೆ ಅಲ್ಯೂಮಿನಿಯಂ ತಟ್ಟೆಯೊಂದು ತಿರುಗುತ್ತಿದ್ದುದನ್ನು ಹಿರಿಯರೆಲ್ಲ ಕಂಡಿದ್ದಾರೆ. ಆಮೇಲೆ ಬಂದ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಯ ಬದಲು ಕೆಂಪು ದೀಪ ಮಿಣುಕುತ್ತದೆ. ಸ್ಮಾರ್ಟ್ ಮೀಟರು ಅಳೆಯುವುದೂ ಅದೇ ಯೂನಿಟ್ಟನ್ನು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೆ ಯಾವ ಮೀಟರಿನಲ್ಲೂ ಒಂದೇ ಯೂನಿಟ್. ವ್ಯತ್ಯಾಸ ಇರುವುದು ಎರಡು ಕಡೆ. ಬಳಕೆಯ ಲೆಕ್ಕವನ್ನು ಅದು ಅರ್ಧ ಗಂಟೆಗೊಮ್ಮೆ ಬರೆದಿಟ್ಟುಕೊಂಡು ತಂತಿಯಿಲ್ಲದೆ ಕಚೇರಿಗೆ ಕಳಿಸುತ್ತದೆ. ಅದರೊಳಗೊಂದು ಸ್ವಿಚ್ಚೂ ಇದೆ. ಲೈನ್‌ಮನ್ ಕಂಬ ಹತ್ತದೆಯೇ ಕಚೇರಿಯಿಂದ ಮನೆಯ ಕರೆಂಟು ಕಡಿಯಬಹುದು, ಮತ್ತೆ ಕೊಡಬಹುದು.

ರೈತ ಬಾಂಧವರು ಗಮನಿಸಬೇಕಾದುದು ಈ ಸ್ವಿಚ್ಚನ್ನೇ. 2003ರ ವಿದ್ಯುತ್ ಕಾಯಿದೆಯ 56ನೇ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಕನಿಷ್ಠ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ರೇಷ್ಮೆಗೂಡು ಮಾರಿ, ಇಲ್ಲವೆ ಡೇರಿಯ ಬಟವಾಡೆ ಬಂದ ಮೇಲೆ ಬಿಲ್ಲು ಕಟ್ಟುವ ಸಂಸಾರಕ್ಕೆ ಈ 15 ದಿನ ಸಣ್ಣ ಅನುಕೂಲವೇನಲ್ಲ. ಮುಂಗಡ ಹಣ ತುಂಬಿ ಬಳಸುವ ಪದ್ಧತಿ ಬಂದರೆ ಬಾಕಿ ಎಂಬ ಮಾತೇ ಇರುವುದಿಲ್ಲ. ತುಂಬಿದ ಹಣ ಮುಗಿದರೆ ದೀಪ ಆರುತ್ತದೆ. ಮುಂಗಡ ಮೀಟರಿಗೆ ಒಪ್ಪಿದವನಿಂದ ಠೇವಣಿ ಕೇಳುವಂತಿಲ್ಲ ಎಂದು ಅದೇ ಕಾಯಿದೆಯ 47ನೇ ಕಲಮು ಹೇಳುತ್ತದೆ, ನಿಜ. ಆದರೆ ಠೇವಣಿ ಉಳಿಯುವುದು ಒಮ್ಮೆ, ಮುಂಗಡ ಹೊಂದಿಸುವುದು ಪ್ರತಿ ತಿಂಗಳು. ಸ್ಮಾರ್ಟ್ ಮೀಟರು ಎಂದೊಡನೆ ಮುಂಗಡ ಮೀಟರೇ ಎಂದು ತಿಳಿಯಬೇಕಾಗಿಲ್ಲ. ಅದೇ ಮೀಟರು ತಿಂಗಳ ಬಿಲ್ಲಿನ ಪದ್ಧತಿಯಲ್ಲೂ ನಡೆಯುತ್ತದೆ. ಹಾಕುವಾಗ ಯಾವ ಪದ್ಧತಿ ಎಂದು ಕೇಳಿ ಬರೆಸಿಕೊಳ್ಳುವುದು ಲೇಸು.

ಹೊಸ ಮೀಟರು ಜೋರಾಗಿ ಓಡುತ್ತದೆ ಎಂಬ ದೂರು ಎಲ್ಲೆಡೆ ಇದೆ. ಇದನ್ನು ಪೂರ್ತಿ ಸುಳ್ಳೆನ್ನಲಾಗದು, ಪೂರ್ತಿ ಮೀಟರಿನ ತಪ್ಪೆಂದೂ ಹೇಳಲಾಗದು. ಸವೆದ ತಟ್ಟೆಯ ಮೀಟರು ರಾತ್ರಿಯ ಸಣ್ಣ ದೀಪ, ಫೋನಿನ ಚಾರ್ಜರುಗಳ ಬಳಕೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಮೀಟರು ಅದನ್ನೂ ಬಿಡುವುದಿಲ್ಲ. ಇನ್ನೊಂದು ಕಾರಣ ವೈರಿಂಗು. ಅಣ್ಣ ತಮ್ಮಂದಿರು ಹಿಸ್ಸೆಯಾದ ಮನೆಯಲ್ಲಿ ಮೀಟರು ಎರಡಾದರೂ ನ್ಯೂಟ್ರಲ್ ತಂತಿ ಒಂದೇ ಉಳಿದಿರುತ್ತದೆ. ಫೇಸಿನಲ್ಲಿ ಹೋದದ್ದು, ನ್ಯೂಟ್ರಲಿನಲ್ಲಿ ಬಂದದ್ದು ತಾಳೆಯಾಗದಿದ್ದರೆ ಮೀಟರು ಯಾವುದು ಹೆಚ್ಚೋ ಅದನ್ನೇ ಎಣಿಸುತ್ತದೆ. ಅಣ್ಣನ ಬಳಕೆ ತಮ್ಮನ ಬಿಲ್ಲಿಗೆ ಸೇರುವುದು ಹೀಗೆ. ಮೀಟರಿನ ಮುಂದಿನ ಮೇನ್ ಸ್ವಿಚ್ಚು ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದರೆ ಮೊದಲು ವೈರಿಂಗ್ ಬಲ್ಲವರನ್ನು ಕರೆಸಿರಿ. ಆಗಲೂ ಅನುಮಾನ ಉಳಿದರೆ ದಾರಿಯಿದೆ: ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ, ದೂರು ಬಂದ 5 ದಿನಗಳೊಳಗೆ ಕಂಪನಿ ಇನ್ನೊಂದು ಮೀಟರು ಜೋಡಿಸಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಆರ್.ಆರ್. ನಂಬರ್ ನಮೂದಿಸಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ತಾರೀಖಿರುವುದಿಲ್ಲ.

ಗೃಹಜ್ಯೋತಿಯ ಫಲಾನುಭವಿಗಳಿಗೂ ಇದು ಸಂಬಂಧಿಸಿದ್ದೇ. 200 ಯೂನಿಟ್ ಎಂಬುದು ಮೇಲಿನ ಮಿತಿ ಮಾತ್ರ. 2023ರಲ್ಲಿ ಯೋಜನೆ ಬಂದಾಗ ಮನೆಮನೆಯ ಹಿಂದಿನ ವರ್ಷದ ಸರಾಸರಿಯ ಮೇಲೆ ಹತ್ತರಷ್ಟು ಶೇಕಡಾ ಸೇರಿಸಿ ಉಚಿತ ಪಾಲು ಕಟ್ಟಿದರು. ಮಂದಗತಿಯ ಹಳೆಯ ಮೀಟರಿನ ಸರಾಸರಿಗೆ ಚುರುಕು ಮೀಟರಿನ ಓದು ಎದುರಾದರೆ ಹೆಚ್ಚಿನದಕ್ಕೆ ಹಣ ತೆರಬೇಕಾದೀತು.

ಇನ್ನು ಬೆಲೆಯ ಮಾತು. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ವಿತರಣಾ ಸುಧಾರಣೆಯ ಯೋಜನೆಯಲ್ಲಿ ದೇಶಾದ್ಯಂತ 25 ಕೋಟಿ ಮೀಟರುಗಳ ಗುರಿಯಿತ್ತು. ಸಾಮಾನ್ಯ ರಾಜ್ಯಗಳಿಗೆ ಮೀಟರೊಂದಕ್ಕೆ 900 ರೂಪಾಯಿಯವರೆಗೆ ನೆರವು. ಆ ಯೋಜನೆಯಡಿ ಹಾಕುವ ಕಂಪನಿಯೇ ಬಂಡವಾಳ ಹೂಡಿ ಮಾಸಿಕ ಕಂತಿನಲ್ಲಿ ಹಿಂಪಡೆಯುವ ಏರ್ಪಾಡು. ಬೆಸ್ಕಾಂ ಕ್ರಮದಲ್ಲಿ ಬೆಲೆ ನೇರವಾಗಿ ಅರ್ಜಿದಾರನ ಮೇಲೆ ಬಿತ್ತು. ಓದಲು ಬರುವ ಖರ್ಚು, ಬಾಕಿ ವಸೂಲಿಯ ತಾಪತ್ರಯ ಉಳಿಯುವುದು ಕಂಪನಿಗೆ. ಉಳಿತಾಯ ಅವರದು, ಬೆಲೆ ನಮ್ಮದು ಎಂಬ ಲೆಕ್ಕ ನ್ಯಾಯವೆಂದು ನಮಗನಿಸುವುದಿಲ್ಲ.

ಪಂಪುಸೆಟ್ಟುಗಳಿಗೆ ಕೇಂದ್ರದ ಮುಂಗಡ ಮೀಟರಿನ ಗುರಿಯಿಂದ ವಿನಾಯಿತಿಯಿದೆ. 10 ಅಶ್ವಶಕ್ತಿಯವರೆಗಿನವುಗಳ ಹಣವನ್ನು ರಾಜ್ಯ ಸರಕಾರ ಕಂಪನಿಗಳಿಗೆ ಕೊಡುತ್ತದೆ. ಆದರೆ ಬಹುಪಾಲು ಪಂಪುಸೆಟ್ಟುಗಳಿಗೆ ಮೀಟರಿಲ್ಲದ್ದರಿಂದ ರೈತ ಬಳಸಿದ್ದೆಷ್ಟು ಎಂಬುದು ಅಂದಾಜೇ. ತಂತಿಯಲ್ಲಿ ಸೋರಿದ್ದು, ಕಳವಾದದ್ದು ಆ ಅಂದಾಜಿನೊಳಗೆ ಸೇರಿಹೋಗುವ ಅವಕಾಶವಿದೆ. ಮೊದಲು ಟ್ರಾನ್ಸ್‌ಫಾರ್ಮರಿಗೆ ಮೀಟರು ಹಾಕಿ, ಅದರ ಓದನ್ನು ಗ್ರಾಮ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ತಿಂಗಳು ತಿಂಗಳು ಬರೆಯಲಿ. ರೈತನ ಹೆಸರಿನಲ್ಲಿ ಎಷ್ಟು ಯೂನಿಟ್ ಖರ್ಚು ಬಿದ್ದಿದೆ ಎಂಬುದನ್ನು ರೈತನೇ ಓದಿ ನೋಡಲಿ.