ತೂಬು ಕಾಯಲು ಒಬ್ಬರನ್ನು ಕೊಡಿ

ರಾಜ್ಯ ಜೌಗುಭೂಮಿ ಪ್ರಾಧಿಕಾರದ ಮಾನ್ಯ ಅಧ್ಯಕ್ಷರಿಗೆ,

ರಂಗನತಿಟ್ಟು 2022ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಸೇರಿದವು. ಇದು ಸಂತೋಷದ ಸಂಗತಿ. ನಾನು ಬರೆಯುತ್ತಿರುವುದು ಯಾವ ಪಟ್ಟಿಯಲ್ಲೂ ಇಲ್ಲದ ಊರೂರಿನ ಕೆರೆಗಳ ಬಗ್ಗೆ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ನೋಡಿದ ಲೇಕನ್‌ಹೀತ್ ಫೆನ್ ಈ ಪತ್ರಕ್ಕೆ ನೆಪ.

ಸಫೋಕ್ ಪ್ರಾಂತದಲ್ಲಿ ಲಿಟಲ್ ಊಸ್ ನದಿಯ ಪಕ್ಕ ಇರುವ ಈ ಜಾಗ ಮೂವತ್ತು ವರ್ಷದ ಹಿಂದೆ ಬಹುಪಾಲು ಕ್ಯಾರೆಟ್ ಹೊಲ. ಆ ಸೀಮೆಯ ಜೌಗನ್ನು 17ನೇ ಶತಮಾನದಿಂದ ಬಸಿದು ಬಸಿದು ಬೇಸಾಯಕ್ಕೆ ಒಳಪಡಿಸಿದ್ದರು. ಜೊಂಡಿನಲ್ಲಿ ಅಡಗಿ ಬದುಕುವ ಬಿಟರ್ನ್ ಎಂಬ ಬಕಜಾತಿಯ ಹಕ್ಕಿಗೆ ನೆಲೆ ತಪ್ಪಿತು. 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಕೂಗುವ ಗಂಡು ಬಿಟರ್ನ್‌ಗಳು ಕೇವಲ 11. ಉಳಿದಿದ್ದ ಜೊಂಡುಬಯಲುಗಳಲ್ಲಿ ಮುಖ್ಯವಾದವು ಕಡಲಂಚಿನವು, ಉಪ್ಪುನೀರು ನುಗ್ಗಿದರೆ ಅವೂ ಇಲ್ಲ. ಆದ್ದರಿಂದಲೇ, ಸಂಖ್ಯೆ ಇನ್ನೂ ಇಳಿಯುತ್ತಿದ್ದಾಗ, ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ 1995ರಲ್ಲಿ ಒಳನಾಡಿನ ಈ ಹೊಲಗಳನ್ನು ದುಡ್ಡು ಕೊಟ್ಟು ಕೊಂಡಿತು. ಯಾರನ್ನೂ ಒಕ್ಕಲೆಬ್ಬಿಸಲಿಲ್ಲ. ಕಾಲುವೆ ತೋಡಿ, ನೀರು ನಿಲ್ಲಿಸಿ, ಲಕ್ಷಗಟ್ಟಲೆ ಜೊಂಡಿನ ಸಸಿಗಳನ್ನು ಕೈಯಿಂದಲೇ ನೆಟ್ಟರು.

2007ರಲ್ಲಿ ಅಲ್ಲಿ ಕ್ರೇನ್ ಹಕ್ಕಿಗಳು ಗೂಡು ಕಟ್ಟಿದವು. ಆ ಸೀಮೆಯಲ್ಲಿ ಅವು ಗೂಡು ಕಟ್ಟಿ 400 ವರ್ಷವಾಗಿತ್ತು. 2009ರಲ್ಲಿ ಬಿಟರ್ನ್ ಮರಿ ಮಾಡಿತು. ನಾನು ಹೋದದ್ದು ವಸಂತದಲ್ಲಿ. ಪಕ್ಕದ ಅಮೆರಿಕನ್ ವಾಯುನೆಲೆಯಿಂದ ಏಳುವ ಯುದ್ಧವಿಮಾನಗಳ ಅಬ್ಬರ ನಿಂತಾಗ, ಖಾಲಿ ಸೀಸೆಯ ಬಾಯಿಗೆ ಊದಿದಂಥ ಬಿಟರ್ನ್ ಕೂಗು ಜೊಂಡಿನೊಳಗಿಂದ ಕೇಳಿಬಂತು. ಹಕ್ಕಿ ಮಾತ್ರ ಕಾಣಲಿಲ್ಲ.

ನನ್ನ ಗಮನ ಸೆಳೆದದ್ದು ಹಕ್ಕಿಗಿಂತ ಹೆಚ್ಚಾಗಿ ನೀರಿನ ಮಟ್ಟ ಹಿಡಿದಿಡುವ ತೂಬುಗಳು. ಜೊಂಡಿಗೆ ಮೊಣಕಾಲಿನಷ್ಟು ನೀರು ಸಾಕು, ಮೀನಿಗೆ ಆಳದ ಮಡು ಬೇಕು. ಎರಡೂ ಅಕ್ಕಪಕ್ಕ ಇದ್ದರಷ್ಟೇ ಬಿಟರ್ನ್ ಅಂಚಿನಲ್ಲಿ ನಿಂತು ಮೀನು ಹಿಡಿದೀತು. ಚಳಿಗಾಲದಲ್ಲಿ ಜೊಂಡನ್ನು ಸರದಿಯ ಮೇಲೆ ಕೊಯ್ಯಬೇಕು. ಬಿಟ್ಟರೆ ತರಗು ತುಂಬಿ ನೆಲ ಏರುತ್ತದೆ, ಪೊದೆ ಬೆಳೆಯುತ್ತದೆ. ನೀರು ಎಷ್ಟಿರಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳಲು ವರ್ಷವಿಡೀ ಜನರಿದ್ದಾರೆ.

ನಮ್ಮಲ್ಲಿ ಕೆರೆ ಅಭಿವೃದ್ಧಿಯ ಅಂದಾಜುಪಟ್ಟಿ ತೆಗೆದು ನೋಡಿ. ಹೂಳೆತ್ತುವುದು, ಏರಿಗೆ ಕಲ್ಲು ಕಟ್ಟುವುದು, ಸುತ್ತ ನಡಿಗೆ ಪಥ, ಬೇಲಿ, ಬೆಂಚು. ನಮ್ಮ ತಾಲ್ಲೂಕಿನ ಕೆರೆಯೊಂದರ ಅಂಗಳವನ್ನು ಏರಿಯಿಂದ ಹಿನ್ನೀರಿನ ತನಕ ಒಂದೇ ಆಳಕ್ಕೆ ಬಗೆದರು, ಜಂಬನ್ನು ಕಳೆ ಎಂದು ಕಿತ್ತರು. ಈಗ ನೀರು ತುಂಬಿದೆ. ಆದರೆ ನಾಮಗೋಳಿ ಗೂಡು ಕಟ್ಟಲು ಒಂದು ಗೇಣು ಹಸಿರಿಲ್ಲ, ಉದ್ದ ಕಾಲಿನ ಹಕ್ಕಿ ನಿಲ್ಲಲು ಅಂಚಿಲ್ಲ. ಹೂಳೆತ್ತುವುದೇ ಬೇಡ ಎನ್ನುತ್ತಿಲ್ಲ. ಮಣ್ಣು ಹೊಲಕ್ಕೆ ಬೇಕು, ನೀರು ಬೆಳೆಗೆ ಬೇಕು. ಹಿನ್ನೀರಿನ ಇಳಿಜಾರು ಉಳಿಸಿಕೊಂಡೂ ಇದನ್ನೆಲ್ಲ ಮಾಡಬಹುದಿತ್ತು.

2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಕಟ್ಟಿದ ರಚನೆಗಳನ್ನು ಹೊರಗಿಟ್ಟಿವೆ ಎಂದು ತಾವು ಹೇಳಬಹುದು. ಆದರೆ ರಾಮ್ಸಾರ್ ಪಟ್ಟಿ ಸೇರಿದ ಅಂಕಸಮುದ್ರವೂ ನೀರಾವರಿಗೆ ಕಟ್ಟಿದ ಊರಕೆರೆಯೇ ಅಲ್ಲವೇ? ಇನ್ನು ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯುವುದು ಸುತ್ತಲಿನ ರೈತರ ಹೊಲಗಳಲ್ಲಿ. ಕೆರೆ, ಹೊಲ, ಹಕ್ಕಿ ಮೂರನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟು ಕಾಪಾಡಲಾಗದು.

ನನ್ನ ಬೇಡಿಕೆ ಮೂರು. ಹೂಳೆತ್ತುವ ಪ್ರತಿ ಅಂದಾಜುಪಟ್ಟಿಯಲ್ಲೂ ತೆಳುನೀರಿನ ಅಂಚನ್ನೂ ಜೊಂಡಿನ ಪಾಲನ್ನೂ ಗುರುತಿಸಿ ಬಿಡುವುದು ಕಡ್ಡಾಯವಾಗಲಿ. ಪದೇ ಪದೇ ಮುಳುಗುವ ಹಿನ್ನೀರಿನ ಹೊಲಗಳನ್ನು, ರೈತರು ಒಪ್ಪಿದರೆ ಮಾತ್ರ, ನ್ಯಾಯವಾದ ಗುತ್ತಿಗೆ ಹಣ ಕೊಟ್ಟು ನೀರಿಗೆ ಬಿಡಿಸಿ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ನಮ್ಮ ಹಿರಿಯರು ತೂಬು ಎತ್ತಿ ಇಳಿಸಲು ನೀರುಗಂಟಿಯನ್ನು ಇಟ್ಟಿದ್ದರು. ಆ ಕೆಲಸಕ್ಕೆ ಸಂಬಳ ಕೊಟ್ಟು ಮತ್ತೆ ಜನರನ್ನು ನೇಮಿಸಿ. ರೈತರಿಗೆ ಎಷ್ಟು ನೀರು, ಕೆರೆಗೆ ಎಷ್ಟು ನೀರು ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಲಿ, ಅದರಂತೆ ನೀರುಗಂಟಿಗಳು ನಡೆಸಲಿ.

ಗುತ್ತಿಗೆದಾರರ ಕೆಲಸ ಒಂದು ಬೇಸಿಗೆಗೆ ಮುಗಿಯುತ್ತದೆ, ನೀರುಗಂಟಿಯದು ಮುಗಿಯುವುದಿಲ್ಲ. ಮೊದಲಿಗೆ ಒಂದೇ ತಾಲ್ಲೂಕನ್ನು ಆರಿಸಿ, ಬರುವ ಮುಂಗಾರಿಗೆ ಮುಂಚೆ ಆದೇಶ ಹೊರಡಿಸಿ ನೋಡಿ.

ಇಂತಿ,
ಕೆರೆ ಬಯಲಿನ ಒಬ್ಬ ರೈತ