ಪತ್ರಿಕೆಗಳ ಫಾಂಟ್ ಬದಲಾವಣೆ: ಮುಂದೂಡಿದಷ್ಟೂ ಏರುವ ಸಾಲ

ಬೆಂಗಳೂರು: ತಾನೇ 1984ರಲ್ಲಿ ಬಳಕೆಗೆ ತಂದ 'ಟೈಪ್ 1' ಫಾಂಟುಗಳಿಗೆ ಅಡೋಬ್ ಸಂಸ್ಥೆಯು 2023ರ ಜನವರಿಯಲ್ಲಿ ವಿದಾಯ ಹೇಳಿತು. ಎರಡು ವರ್ಷ ಮೊದಲೇ ಎಚ್ಚರಿಕೆ ನೀಡಲಾಗಿತ್ತು. ಈಗಿನ ಇನ್‌ಡಿಸೈನ್‌ನಲ್ಲಿ ಅಂತಹ ಹಳೆಯ ಪುಟವನ್ನು ತೆರೆದರೆ ಫಾಂಟ್ ಕಾಣೆಯಾಗಿದೆ ಎಂಬ ಸೂಚನೆಯಷ್ಟೇ ಬರುತ್ತದೆ. ಪಿಡಿಎಫ್ ಪ್ರತಿಯಿದ್ದರೆ ಓದಬಹುದು, ಮುದ್ರಿಸಬಹುದು, ತಿದ್ದಲಾಗದು.

ಕನ್ನಡದ ಹಳೆಯ ಫಾಂಟುಗಳಲ್ಲಿ ಹಲವು 'ಟ್ರೂಟೈಪ್' ಮಾದರಿಯವು. ಅವು ಇಂದಿಗೂ ತೆರೆದುಕೊಳ್ಳುತ್ತವೆ. ಹೀಗಾಗಿ ಈ ಬಿಸಿ ತಮಗೆ ತಟ್ಟದೆಂದು ಪ್ರಕಾಶಕರು ನಿಶ್ಚಿಂತರಾಗಿರಲು ಸಾಧ್ಯ. ಆದರೆ ನಮ್ಮ ಸಮಸ್ಯೆ ಇರುವುದು ಫಾಂಟಿನ ಮಾದರಿಯಲ್ಲಿ ಮಾತ್ರವಲ್ಲ, ಅದರೊಳಗಿನ ಸಂಕೇತ ವ್ಯವಸ್ಥೆಯಲ್ಲಿ.

ಹಳೆಯ ಫಾಂಟುಗಳಲ್ಲಿ ಇದ್ದ ಸ್ಥಾನಗಳು ಹೆಚ್ಚೆಂದರೆ 256. ಕನ್ನಡದ ಅಕ್ಷರ, ಗುಣಿತ, ಒತ್ತುಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕೂರಿಸಲಾಯಿತು. ನುಡಿ ಕೂರಿಸಿದ ಕ್ರಮ ಒಂದು, ಶ್ರೀಲಿಪಿಯದು ಇನ್ನೊಂದು. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದರಲ್ಲಿ ಒಂದು ಊರಿನ ಹೆಸರನ್ನೂ ಕನ್ನಡದಲ್ಲಿ ಹುಡುಕಲಾಗದು. ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಅದರದೇ ಸಂಕೇತವಿದೆ. ಅದನ್ನು ಸರಿಯಾದ ಆಕಾರಕ್ಕೆ ಜೋಡಿಸುವುದು 'ಓಪನ್‌ಟೈಪ್' ಫಾಂಟಿನ ಕೆಲಸ. ಇದೇನೂ ನಿನ್ನೆ ಮೊನ್ನೆಯ ತಂತ್ರಜ್ಞಾನವಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೇ 'ತುಂಗಾ' ಬಂದಿತ್ತು.

ಹಾಗಿದ್ದರೂ ಹಿಂಜರಿಕೆಗೆ ಕಾರಣಗಳಿವೆ. ಅಕ್ಷರದ ಅಗಲ ಬದಲಾದರೆ ಕಾಲಂ ಉಕ್ಕುತ್ತದೆ, ಶೀರ್ಷಿಕೆ ಎರಡನೆಯ ಸಾಲಿಗೆ ಇಳಿಯುತ್ತದೆ; ಪುಟದ ಅಚ್ಚುಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ಇನ್‌ಡಿಸೈನ್‌ನಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಗಡುವಿನ ಹೊತ್ತಿನಲ್ಲಿ ಇದನ್ನೆಲ್ಲ ಕಲಿಯುವ ತಾಳ್ಮೆ ಯಾರಿಗಿದೆ? ಹಣದ ನೆಪವಂತೂ ಸಲ್ಲದು. ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಮುಂತಾದವು ಮುಕ್ತ ಪರವಾನಗಿಯಲ್ಲಿ ಉಚಿತವಾಗಿಯೇ ದೊರೆಯುತ್ತವೆ.

ನಿಜವಾದ ವೆಚ್ಚ ಹಳೆಯ ಸಂಚಿಕೆಗಳ ಪರಿವರ್ತನೆಯದು. 'ಸೂರ್ಯ' ಎಂಬಲ್ಲಿನ ಅರ್ಕಾವತ್ತನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ 'ಯ'ಕಾರದ ನಂತರ ಕುಳಿತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ 'ರ'ಕಾರ ಮೊದಲು ಬರಬೇಕು. 'ರ‍್ಯಾಂಕ್' ಎಂದು ಬರೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಅದು ತಪ್ಪಿದರೆ 'ರ್ಯಾಂಕ್' ಆಗುತ್ತದೆ. ಪರಿವರ್ತಕ ತಂತ್ರಾಂಶಗಳು ಹೆಚ್ಚಿನದನ್ನು ಸರಿಪಡಿಸುತ್ತವೆ, ಎಲ್ಲವನ್ನೂ ಅಲ್ಲ. ಕರಡು ತಿದ್ದುವವರಿಲ್ಲದೆ ಈ ಕೆಲಸ ಮುಗಿಯದು.

ಆದ್ದರಿಂದ ಎರಡನ್ನೂ ಒಟ್ಟಿಗೆ ಹೊರುವುದು ಅವಿವೇಕ. ಒಂದು ದಿನಾಂಕ ನಿಗದಿಪಡಿಸಿ, ಅಂದಿನಿಂದ ಹೊಸ ಪುಟಗಳನ್ನು ಯೂನಿಕೋಡ್‌ನಲ್ಲೇ ಕಟ್ಟುವುದು ಮೊದಲ ಹೆಜ್ಜೆ. ಹಳೆಯ ಫಾಂಟು, ಹಳೆಯ ತಂತ್ರಾಂಶ ಇರುವ ಒಂದು ಕಂಪ್ಯೂಟರನ್ನಾದರೂ ಗುಜರಿಗೆ ಹಾಕದೆ ಉಳಿಸಿಕೊಂಡರೆ ಪರಿವರ್ತನೆ ನಿಧಾನವಾಗಿ ಸಾಗಬಹುದು. ಆದರೆ ಅದಕ್ಕೂ ಕಾಲಮಿತಿಯಿದೆ: ಯಾವ ವರ್ಷದ ಪುರವಣಿಗೆ ಯಾವ ಫಾಂಟ್ ಬಳಸಲಾಗಿತ್ತು ಎಂಬುದು ಬಹುಪಾಲು ಎಲ್ಲೂ ದಾಖಲಾಗಿಲ್ಲ. ಅದು ಪುಟವಿನ್ಯಾಸಕರ ನೆನಪಿನಲ್ಲಿದೆ, ಅವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.